ಹನ್ನೊಂದು ಸಾವಿರದ ಇಪ್ಪತ್ತೊಂದನೆಯ ದಿನ

ಜನವರಿ 18

ದೊಡ್ಡಪ್ಪನವರಿಗೆ ನಮಸ್ಕಾರ.

ನಾನು ನಿಮ್ಮ ತಮ್ಮನ ಮಗಳು. ನೀವು ನನ್ನನ್ನು ನೋಡಿಲ್ಲ, ನಾನೂ ನಿಮ್ಮನ್ನು ನೋಡಿಲ್ಲ. ವಿಳಾಸ ಅಮ್ಮ ಕೊಟ್ಟಳು. ಯಂತ್ರಗಳ ಹಲ್ಲುಚಕ್ರ, ಅದೇ ಗೇರು, ಕಡಿದು ಕಡಿದು ನಿಮ್ಮ ಕಿವಿ ಮಂದವಾಗಿದೆ, ಫೋನು ಮಾಡಿದರೆ ಗೋಡೆಗೆ ಹೇಳಿದಂತೆ, ಕಾಗದವೇ ಬರೆ ಅಂದಳು.

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವುದು ನಿಮಗೆ ಗೊತ್ತಿರಬಹುದು. ಹೋದ ವಾರ ಅವರ ಪೆಟ್ಟಿಗೆಯಲ್ಲಿ ಸೂಜಿ ಹುಡುಕುವಾಗ ತಳದಲ್ಲಿ ಒಂದು ಕಾಗದದ ಪಟ್ಟಿ ಸಿಕ್ಕಿತು. ಎರಡು ಬೆರಳು ಅಗಲ, ನನ್ನ ಎರಡು ತೋಳಿಗಿಂತ ಉದ್ದ. ಅದರ ಮೇಲೆ ಸಮ ಅಂತರದಲ್ಲಿ ಸಣ್ಣ ಗೆರೆಗಳು. ಎಣಿಸಿದರೆ ಸರಿಯಾಗಿ ನೂರಮೂರು ಮನೆ. ಹಿಂಬದಿಯಲ್ಲಿ ಒಂದೇ ಒಂದು ಸಂಖ್ಯೆ: 11,13,121. ಅಪ್ಪನ ಕೈಬರಹವಲ್ಲ.

"ಏನಪ್ಪಾ ಇದು?" ಅಂದೆ. ಅಪ್ಪ ಪಟ್ಟಿಯನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡು, "ನಿನ್ನ ದೊಡ್ಡಪ್ಪನ್ನ ಕೇಳು" ಅಂದರು. ನನಗೆ ಬುದ್ಧಿ ಬಂದಾಗಿನಿಂದ ಅವರು ನಿಮ್ಮ ಹೆಸರೆತ್ತಿದ್ದು ಅದೇ ಮೊದಲು. ಅದಕ್ಕೇ ಕೇಳುತ್ತಿದ್ದೇನೆ.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಮಾತ್ರೆ ಎಣಿಸುವವಳು. ಲೆಕ್ಕ ಅಂದರೆ ಹೆದರಿಕೆಯಿಲ್ಲ.

ಇತಿ, ನಿಮ್ಮ ತಮ್ಮನ ಮಗಳು


ಜನವರಿ 29

ಮಗಳೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ನಿನ್ನ ದೊಡ್ಡಮ್ಮ ಕಿತ್ತುಕೊಂಡು ಓದಿದಳು. "ಅಕ್ಷರ ನೋಡಿ, ಚಿಕ್ಕೋನದೇ ಅಚ್ಚು" ಅಂದಳು. ನಮ್ಮ ಮನೆಯಲ್ಲಿ ನಿನ್ನ ಅಪ್ಪ ಇಂದಿಗೂ ಚಿಕ್ಕೋನೇ.

ಆ ಸಂಖ್ಯೆ ನನ್ನ ಕೈಬರಹ. ಅದು ಏನು ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಬಾಳೆಹಣ್ಣು ಸುಲಿದು ಬಾಯಿಗಿಟ್ಟರೆ ರುಚಿ ಏನು ಬಂತು? ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವನು. ಸಂಖ್ಯೆಗಳ ಸಹವಾಸ ನನಗೆ ಸಿಕ್ಕಿದ್ದು ಕಬ್ಬಿಣದಲ್ಲಿ. ಗೇರು ಕಡಿಯುವವನಿಗೆ ಒಂದು ಸಂಖ್ಯೆ ಎದುರು ನಿಂತರೆ ಮೊದಲು ಬರುವ ಪ್ರಶ್ನೆ, ಇದು ಒಡೆಯುತ್ತದೋ ಇಲ್ಲವೋ ಅಂತ. ಅರವತ್ತನ್ನು ಕೊಡು, ಎರಡು, ಮೂರು, ಐದು ಅಂತ ಪುಡಿ ಮಾಡಿ ಕೊಡುತ್ತೇನೆ. ಅರವತ್ತೊಂದನ್ನು ಕೊಡು, ಹಲ್ಲು ಮುರಿಯುತ್ತದೆ.

ನಿನ್ನ ಕೈಲಿರುವುದು ಒಡೆಯುವ ಜಾತಿಯದು. ಆದರೆ ಸುಲಭಕ್ಕೆ ಬಗ್ಗುವುದಿಲ್ಲ. ಬೆಸ ಸಂಖ್ಯೆ, ಆದ್ದರಿಂದ ಎರಡು ಹೋಯಿತು. ಅಂಕಿಗಳನ್ನು ಕೂಡಿದರೆ ಹತ್ತು, ಮೂರೂ ಹೋಯಿತು. ಕೊನೆಗೆ ಐದೂ ಇಲ್ಲ ಸೊನ್ನೆಯೂ ಇಲ್ಲ. ಒಂದು ಸುಳಿವು ಕೊಡುತ್ತೇನೆ. ಬಲಗಡೆಯಿಂದ ಎರಡೆರಡು ಅಂಕಿಯನ್ನು ಜೋಡಿ ಜೋಡಿಯಾಗಿ ಬಿಡಿಸು. ಒಂದು ಬಿಟ್ಟು ಒಂದು ಜೋಡಿಯನ್ನು ಕೂಡಿ, ಎರಡು ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡು. ಸಮ ಬಂದರೆ ಅದರೊಳಗೆ ನೂರಒಂದು ಕೂತಿದೆ ಅಂತ ಅರ್ಥ.

ನಿನ್ನ ಅಪ್ಪ ಚೆನ್ನಾಗಿದ್ದಾನಾ? ಗೇರು ಕಡಿಯುತ್ತಾನಾ?

ಇತಿ, ನಿನ್ನ ದೊಡ್ಡಪ್ಪ


ಫೆಬ್ರುವರಿ 14

ದೊಡ್ಡಪ್ಪಾ,

ಜೋಡಿ ಬಿಡಿಸಿದೆ. 21, 31, 11, ಕೊನೆಗೆ ಒಂಟಿ 1. ಇಪ್ಪತ್ತೊಂದೂ ಹನ್ನೊಂದೂ ಸೇರಿ ಮೂವತ್ತೆರಡು. ಮೂವತ್ತೊಂದೂ ಒಂದೂ ಸೇರಿ ಮೂವತ್ತೆರಡು! ಗಿರಾಕಿ ಎದುರಿಗೆ ನಿಂತಿರುವಾಗಲೇ "ಸಿಕ್ತು" ಅಂತ ಕೂಗಿಬಿಟ್ಟೆ. ಆಯಮ್ಮ ತನ್ನ ಕೆಮ್ಮಿನ ಔಷಧಿ ಸಿಕ್ಕಿತು ಅಂದುಕೊಂಡರು.

ನೂರಒಂದರಿಂದ ಭಾಗಿಸಿದರೆ 11,021. ಅಲ್ಲಿಗೆ ನನ್ನ ಗಾಡಿ ನಿಂತಿತು. ಏಳು, ಹನ್ನೊಂದು, ಹದಿಮೂರು, ಹದಿನೇಳು, ಯಾವುದೂ ಹೋಗುವುದಿಲ್ಲ. ಎರಡು ವಾರದಿಂದ ಮಾತ್ರೆ ಚೀಟಿಗಳ ಹಿಂದೆಲ್ಲ ಅದೇ.

ಮಧ್ಯೆ ಒಂದು ಹಳೆಯ ಗಣಿತದ ಪುಸ್ತಕ ಸಿಕ್ಕಿತು. ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಬೇಕಂತೆ. ಆರಕ್ಕೆ ಒಂದು, ಎರಡು, ಮೂರು ಕೂಡಿದರೆ ಆರೇ ಬರುತ್ತದೆ, ಅದು ಪರಿಪೂರ್ಣ. ಹನ್ನೆರಡಕ್ಕೆ ಕೂಡಿದರೆ ಹದಿನಾರು, ಅದು ಸಮೃದ್ಧ. ತನಗಿಂತ ಕಮ್ಮಿ ಬಂದರೆ ಕೊರತೆಯ ಸಂಖ್ಯೆ. ನಮ್ಮದು ಯಾವ ಗುಂಪು?

ಅಪ್ಪ ಗೇರು ಕಡಿಯುವುದಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ "ಆ ಕೆಲಸ ನಂಗೆ ಬರಲ್ಲ" ಅಂತಾರೆ. ಸುಳ್ಳು ಅಂತ ಅಮ್ಮ ಹೇಳುತ್ತಾಳೆ. ಹೌದಾ?

ಇತಿ, ನಿಮ್ಮ ಮಗಳು


ಮಾರ್ಚ್ 3

ಮಗಳೇ,

ನಿನ್ನ ಅಪ್ಪನಷ್ಟು ಚೆನ್ನಾಗಿ ಗೇರಿಗೆ ಹಲ್ಲು ಕಡಿಯುವ ಕೈಯನ್ನು ನಾನು ನೋಡಿಲ್ಲ. ನನ್ನ ಕೈಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

11,021ನ್ನು ಒಡೆಯಲು ಬಡಿಯಬೇಡ, ಸ್ವಲ್ಪ ಪುಸಲಾಯಿಸು. ಅದಕ್ಕೆ ನಾಲ್ಕು ಕೂಡಿಸು, 11,025. ಬಾಲದಲ್ಲಿ ಇಪ್ಪತ್ತೈದು ಇದೆ, ತಲೆಯಲ್ಲಿ ನೂರಹತ್ತು. ಹತ್ತು ಹನ್ನೊಂದಲೆ ನೂರಹತ್ತು. ಅಂದರೆ ಇದು ನೂರಐದರ ವರ್ಗ. ನಾವು ಕೂಡಿಸಿದ ನಾಲ್ಕು, ಎರಡರ ವರ್ಗ. ವರ್ಗದಿಂದ ವರ್ಗ ಕಳೆದರೆ ಕೂಡಿದ್ದಕ್ಕೂ ಕಳೆದದ್ದಕ್ಕೂ ಗುಣಾಕಾರ. ನೂರಐದಕ್ಕೆ ಎರಡು ಕಮ್ಮಿ, ಎರಡು ಹೆಚ್ಚು. 103, 107. ಇವೆರಡೂ, 101ರ ಹಾಗೆ, ಒಡೆಯದ ಜಾತಿ.

ಈಗ ಇವು ಏನು ಅಂತ ಹೇಳುತ್ತೇನೆ. ಮೂರು ಗೇರುಗಳ ಹಲ್ಲು.

ವರ್ಕ್‌ಶಾಪು ತೆರೆದ ದಿನ, ಇದೇ ಜೂನ್ ಎರಡಕ್ಕೆ ಮೂವತ್ತು ವರ್ಷ, ಗೋಡೆ ಗಡಿಯಾರದ ಕೆಳಗೆ ನಾನೂ ನಿನ್ನ ಅಪ್ಪನೂ ಒಂದು ಪೆಟ್ಟಿಗೆ ಇಟ್ಟೆವು. ಒಳಗೆ ಒಂದಕ್ಕೊಂದು ಕಚ್ಚಿಕೊಂಡ ಮೂರು ಹಿತ್ತಾಳೆ ಗೇರು. ನೂರಒಂದು ಹಲ್ಲಿನದನ್ನು ಗಡಿಯಾರ ದಿನಕ್ಕೊಂದು ಸುತ್ತು ತಿರುಗಿಸುತ್ತದೆ. ಅದು ನೂರಮೂರರದನ್ನು, ಅದು ನೂರಏಳರದನ್ನು. ಪ್ರತಿಯೊಂದರಲ್ಲೂ ಒಂದೊಂದು ಹಲ್ಲಿಗೆ ಕೆಂಪು ಬಣ್ಣ. ಪೆಟ್ಟಿಗೆಗೆ ಮೂರು ಕಿಂಡಿ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದಾಗ ಮೂರು ಕಿಂಡಿಯಲ್ಲೂ ಕೆಂಪು. ಮತ್ತೆ ಹಾಗೆ ಮೂರೂ ಒಟ್ಟಿಗೆ ಬರಬೇಕಾದರೆ 11,13,121 ಹಲ್ಲು ದಾಟಬೇಕು. ದಿನಕ್ಕೆ ನೂರಒಂದು ಹಲ್ಲಿನಂತೆ 11,021 ದಿನ.

ಇಷ್ಟು ದೂರ ಯಾಕೆ ಅಂತೀಯಾ? ಐವತ್ತು ಹಲ್ಲಿನದಕ್ಕೆ ನೂರು ಹಲ್ಲಿನದನ್ನು ಜೋಡಿಸಿದರೆ ಒಂದು ಹಲ್ಲು ಜೀವಮಾನವಿಡೀ ಅವೇ ಎರಡು ಹಲ್ಲನ್ನು ಕಚ್ಚುತ್ತದೆ. ಒಂದು ಕೆಟ್ಟರೆ ಅದರ ಜೊತೆಯವೂ ಕೆಡುತ್ತವೆ. ಒಡೆಯದ ಸಂಖ್ಯೆಗಳಲ್ಲಿ ಪ್ರತಿ ಹಲ್ಲೂ ಪ್ರತಿ ಹಲ್ಲನ್ನೂ ಭೇಟಿಯಾಗುತ್ತದೆ, ಸಮವಾಗಿ ಸವೆಯುತ್ತದೆ.

ಆದರೆ ಚಕ್ರವನ್ನು ಸಮ ಭಾಗ ಮಾಡಲು ನಮ್ಮ ಯಂತ್ರದಲ್ಲಿದ್ದ ತೂತಿನ ತಟ್ಟೆಗೆ ಇಂಥ ಒಡೆಯದ ಸಂಖ್ಯೆ ಬರುತ್ತಿರಲಿಲ್ಲ. ಉಳಿದೆರಡನ್ನು ನಾನು ಹೇಗೋ ಕಡಿದೆ. ಹತ್ತೊಂಬತ್ತು ವರ್ಷದ ನಿನ್ನ ಅಪ್ಪ ಉದ್ದ ಕಾಗದದ ಮೇಲೆ ನೂರಮೂರು ಮನೆ ಗೆರೆ ಹಾಕಿ, ಅದನ್ನು ಮರದ ಡ್ರಮ್ಮಿಗೆ ಸುತ್ತಿ, ಗೆರೆ ನೋಡಿ ನೋಡಿ ಕಡಿದ. ನಿನಗೆ ಸಿಕ್ಕಿದ್ದು ಆ ಪಟ್ಟಿ. ಹಿಂದೆ ಗುಣಿಸಿ ಬರೆದವನು ನಾನು, ಖುಷಿಗೆ.

ಮಾರನೇ ದಿನವೇ ಆರಂಭ; ಪೆಟ್ಟಿಗೆ ಶುರು ಮಾಡುವ ಮುಂಚೆ, ಬಂದವರೆಲ್ಲರ ಎದುರಿಗೆ ಆ ಗೇರನ್ನು ಕೈಲಿ ಹಿಡಿದು ಎಣಿಸಿದೆ. ನೂರಎರಡು ಬಂತು. "ಒಂದು ಹಲ್ಲು ಕಮ್ಮಿ!" ಅಂದೆ. ಎಲ್ಲರೂ ನಕ್ಕರು. ಚಿಕ್ಕೋನು, "ಇನ್ನೊಂದ್ಸಲ ಎಣಿಸು ಅಣ್ಣ" ಅಂದ. "ನನ್ನ ಎಣಿಕೆ ತಪ್ಪಲ್ಲ ಕಣೋ" ಅಂದೆ. ಅವನು ಗೇರು ಕೂರಿಸಿ, ಪೆಟ್ಟಿಗೆಗೆ ರಿವೆಟ್ ಹೊಡೆದು, "ಇನ್ನು ಯಾರೂ ಎಣಿಸೋದು ಬೇಡ. ಅದೇ ಹೇಳಲಿ" ಅಂದ.

ಅವತ್ತಿನಿಂದ ವರ್ಕ್‌ಶಾಪಿನಲ್ಲಿ ಅವನ ಹೆಸರೇ 'ಒಂದು ಹಲ್ಲು ಕಮ್ಮಿ' ಆಯಿತು. ನಾಲ್ಕು ವರ್ಷ ಸಹಿಸಿದ. ಒಂದು ದಿನ ಹೊಸ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು, ಅದೇ ನಿಜವಾದ ಹೆಸರು ಅಂದುಕೊಂಡು, "ಒಂದು ಹಲ್ಲು ಕಮ್ಮಿಯವರು ಇದ್ದಾರಾ?" ಅಂದರು. ಚಿಕ್ಕೋನು ಕೈ ಒರೆಸಿಕೊಂಡು ಹೊರಗೆ ಹೋದವನು ಮತ್ತೆ ಬರಲಿಲ್ಲ.

ನನ್ನ ಎಣಿಕೆ ಸರಿಯಾದರೆ, ನೂರಎರಡನ್ನು ನೂರಏಳರಿಂದ ಗುಣಿಸು, ಮೂರು ಕೆಂಪೂ 10,914ನೇ ದಿನ ಸೇರಬೇಕು, ಈ ಏಪ್ರಿಲ್ 20ಕ್ಕೆ. ಅವನದು ಸರಿಯಾದರೆ ಅದಕ್ಕೆ ನೂರಏಳು ದಿನ ತಡವಾಗಿ, ಆಗಸ್ಟ್ 5ಕ್ಕೆ. ಗಡಿಯಾರಕ್ಕೆ ಕೀಲಿ ಕೊಡುವುದನ್ನು ನಾನು ಒಂದು ವಾರವೂ ತಪ್ಪಿಸಿಲ್ಲ. ನೋಡೋಣ.

ಇತಿ, ನಿನ್ನ ದೊಡ್ಡಪ್ಪ


ಏಪ್ರಿಲ್ 2

ದೊಡ್ಡಪ್ಪ,

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಇಷ್ಟು ದಿನ ತಡವಾಗಿದ್ದು ಅದಕ್ಕೇ. ಅಪ್ಪನನ್ನು ಯಾರಾದರೂ ಹಾಗೆ ಕೂಗುವುದನ್ನು ನೆನೆದರೆ ಈಗಲೂ ಬರುತ್ತದೆ. ಪಟ್ಟಿಯನ್ನು ನಾನು ಎರಡು ಸಲ ಎಣಿಸಿದ್ದೇನೆ. ಅದು ನೂರಮೂರೇ.

ಆದರೂ ಸಂಖ್ಯೆ ಬಿಡುತ್ತಿಲ್ಲ. ಅದನ್ನು ಭಾಗಿಸುವ ಚಿಕ್ಕವು ಏಳೇ: 1, 101, 103, 107, 10,403, 10,807, 11,021. ಎಲ್ಲ ಕೂಡಿದರೆ 32,543. ಹನ್ನೊಂದು ಲಕ್ಷದ ಸಂಖ್ಯೆಗೆ ಮೂವತ್ತೆರಡು ಸಾವಿರ! ಕೊರತೆಯೆಂದರೆ ಇದು ಕೊರತೆ. ಮೈಯೆಲ್ಲ ಕೊಬ್ಬಿದೆ, ಒಳಗೆ ತನ್ನವರು ಅನ್ನುವವರು ಏಳೇ ಜನ.

ಏಪ್ರಿಲ್ 20ರಂದು ಬರೆಯಿರಿ. ಅವತ್ತೇ.

ಇತಿ, ನಿಮ್ಮ ತಮ್ಮನ ಮಗಳು


ಏಪ್ರಿಲ್ 20

ಮಗಳೇ,

ಅವತ್ತೇ ಬರೆಯುತ್ತಿದ್ದೇನೆ. ಹತ್ತು ಹೊಡೆಯುವಾಗ ದೊಡ್ಡಮ್ಮನನ್ನೂ ಕರೆದು ನಿಲ್ಲಿಸಿಕೊಂಡೆ. ಮೊದಲ ಕಿಂಡಿಯಲ್ಲಿ ಕೆಂಪು. ಮೂರನೆಯದರಲ್ಲೂ ಕೆಂಪು. ನಡುವಿನದರಲ್ಲಿ ಬರೀ ಹಿತ್ತಾಳೆ.

ಅಂದಮೇಲೆ ಅದು ನೂರಎರಡಲ್ಲ. ನಿನ್ನ ಅಪ್ಪನೇ ಸರಿ. ಮೂವತ್ತು ವರ್ಷದ ಮೇಲೆ ಗೊತ್ತಾಯಿತು ನೋಡು, ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ! ಅವನಿಗೆ ನೀನೇ ಹೇಳಿಬಿಡು, ಸಂತೋಷಪಡಲಿ.

ಇತಿ, ನಿನ್ನ ದೊಡ್ಡಪ್ಪ


ಮೇ 10

ದೊಡ್ಡಪ್ಪ,

ನಾನು ಅಪ್ಪನಿಗೆ ಹೇಳಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪೆಟ್ಟಿಗೆ ಹೇಗಿರಬಹುದು ಅಂತ ನೋಡಲು ಔಷಧಿ ಡಬ್ಬದ ರಟ್ಟಿನಲ್ಲಿ ಎರಡು ಚಕ್ರ ಕತ್ತರಿಸಿದೆ. ಒಂದಕ್ಕೆ ಐದು ಹಲ್ಲು, ಇನ್ನೊಂದಕ್ಕೆ ಏಳು. ಐದರದನ್ನು ಒಂದು ಸುತ್ತು ತಿರುಗಿಸಿದರೆ ಒಂದು ದಿನ ಅಂತ ಲೆಕ್ಕ. ಏಳರದರ ಕೆಂಪು ಹಲ್ಲು ಏಳನೇ ದಿನಕ್ಕೆ ಸರಿಯಾಗಿ ತನ್ನ ಜಾಗಕ್ಕೆ ಬಂತು. ಅದರ ಬದಲು ಆರು ಹಲ್ಲಿನದೊಂದನ್ನು ಕತ್ತರಿಸಿ ಇಟ್ಟೆ. ಆರನೇ ದಿನಕ್ಕೇ ಬಂತು. ಅದಕ್ಕೆ ಮೂರನೇ ಚಕ್ರದ ಗೊಡವೆಯೇ ಬೇಕಾಗಲಿಲ್ಲ.

ಹಾಗಾದರೆ ನಿಮ್ಮ ನಡುವಿನ ಗೇರು? ನೂರಎರಡಾಗಿದ್ದರೆ ಅದರ ಕೆಂಪು ಹತ್ತು ಗಂಟೆಗೆ ಕಿಂಡಿಗೆ ಬರುವುದು ನೂರಎರಡನೇ ದಿನ. ನೂರಮೂರಾಗಿದ್ದರೆ ನೂರಮೂರನೇ ದಿನ. ಜೂನ್ ಎರಡರಿಂದ ಎಣಿಸಿದರೆ ಆ ವರ್ಷದ ಸೆಪ್ಟೆಂಬರ್ 12 ಅಥವಾ 13. ಮೂವತ್ತು ವರ್ಷ ಯಾಕೆ ಬೇಕು? ಮೂರೂವರೆ ತಿಂಗಳು ಸಾಕಿತ್ತು.

ಔಷಧಿ ಅಂಗಡಿಯವಳಿಗೆ ರಟ್ಟಿನಲ್ಲಿ ಹೊಳೆದದ್ದು ಗೇರು ಕಡಿಯುವ ನಿಮಗೆ ಹೊಳೆಯಲಿಲ್ಲವಾ? ನೀವು ಅವತ್ತು ನೋಡಲಿಲ್ಲವಾ?

ಇತಿ, ನಿಮ್ಮ ತಮ್ಮನ ಮಗಳು


ಜೂನ್ 9

ಮಗಳಿಗೆ ಆಶೀರ್ವಾದ.

ಬರೆಯುತ್ತಿರುವವಳು ದೊಡ್ಡಮ್ಮ. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಓದಿ ಅಂಗಿ ಜೇಬಿನಲ್ಲಿಟ್ಟುಕೊಂಡವರು ಒಗೆಯಲೂ ಅಂಗಿ ಕೊಡುತ್ತಿಲ್ಲ. ಬೆಳಿಗ್ಗೆ ಹೋಗಿ ಪೆಟ್ಟಿಗೆ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. "ಏನ್ರೀ, ಅದೇನು ಟಿ.ವಿ.ನಾ?" ಅಂದೆ. ನಗಲಿಲ್ಲ.

ನಾನು ಲೆಕ್ಕ ಬಲ್ಲವಳಲ್ಲ. ಆದರೆ ಏಪ್ರಿಲ್ 20ರಂದು ಅವರು ಕಿಂಡಿ ನೋಡಲೇ ಇಲ್ಲ, ನನ್ನ ಮುಖ ನೋಡುತ್ತಿದ್ದರು. ನೀನು ಏನು ಕೇಳಿದ್ದೀಯೋ ಅದನ್ನು ಹಿಂದಕ್ಕೆ ತಗೋಬೇಡ. ಬರೆಯುತ್ತಾರೆ.

ದೊಡ್ಡಮ್ಮ


ಜುಲೈ 2

ಮಗಳೇ,

ನೋಡಿದೆ.

ಸೆಪ್ಟೆಂಬರ್ 12ರಂದು ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಒಬ್ಬನೇ ಹೋಗಿ ನಿಂತೆ. ಗೆದ್ದೇ ಗೆಲ್ಲುತ್ತೇನೆ ಅಂತ ಹೋಗಿದ್ದೆ. ಹತ್ತು ಹೊಡೆಯಿತು. ನಡುವಿನ ಕಿಂಡಿಯಲ್ಲಿ ಕೆಂಪಿಲ್ಲ. ಮಾರನೇ ದಿನ ಮತ್ತೆ ಹೋದೆ. ಹತ್ತಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ, ಕೆಂಪು.

ನನ್ನ ಎಣಿಕೆ ಎಲ್ಲಿ ತಪ್ಪಿತು ಅಂತ ತಿಳಿಯಲು ಇನ್ನೊಂದು ಗೇರು ತೆಗೆದುಕೊಂಡು ಹಾಗೆಯೇ ಎಣಿಸಿದೆ. ಗೇರು ದುಂಡಗಿರುತ್ತದಲ್ಲ, ಎಲ್ಲಿ ಶುರು ಮಾಡಿದೆವು ಅಂತ ಮರೆಯಬಾರದೆಂದು ಶುರುವಿನ ಹಲ್ಲಿನ ಮೇಲೆ ಹೆಬ್ಬೆರಳು ಇಡುತ್ತೇವೆ. ಅದರ ಪಕ್ಕದ್ದಕ್ಕೆ ಒಂದು ಅಂದು, ಸುತ್ತಿ ಬಂದು ಹೆಬ್ಬೆರಳು ಸಿಕ್ಕಾಗ ನಿಲ್ಲಿಸಿದ್ದೆ. ಹೆಬ್ಬೆರಳ ಕೆಳಗಿದ್ದದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಅದು.

ಅವತ್ತೇ ಹೇಳಬಹುದಿತ್ತು. ಊಟದ ಹೊತ್ತಿಗೆ ಹೇಳೋಣ ಅಂದುಕೊಂಡೆ. ಆಮೇಲೆ ವಾರದ ಕೊನೆಗೆ. ಅಷ್ಟರಲ್ಲಿ ಆ ಹೆಸರು ಎಲ್ಲರ ಬಾಯಲ್ಲೂ ಕೂತಿತ್ತು. ಗಿರಾಕಿಗಳು ಬರುತ್ತಿದ್ದದ್ದು ನನ್ನ ಎಣಿಕೆ ನಂಬಿ. ಆ ನಗುವನ್ನು ವಾಪಸು ತೆಗೆದುಕೊಳ್ಳಬೇಕಾದರೆ ಅಷ್ಟೇ ಜನರನ್ನು ಮತ್ತೆ ಕರೆದು ನಿಲ್ಲಿಸಬೇಕಿತ್ತು. ನನ್ನಿಂದಾಗಲಿಲ್ಲ. ಪೆಟ್ಟಿಗೆಯೇ ಒಂದು ದಿನ ಹೇಳುತ್ತದಲ್ಲ ಅಂತ ಅದರ ಮೇಲೆ ಹಾಕಿ ಕೂತೆ. ನೂರಮೂರು ದಿನಕ್ಕೊಮ್ಮೆ ಅದು ಹೇಳುತ್ತಲೇ ಇತ್ತು. ಲೆಕ್ಕ ಹಾಕು, ಏಪ್ರಿಲ್‌ವರೆಗೆ ನೂರಐದು ಸಲ ಹೇಳಿದೆ.

ಏಪ್ರಿಲ್ 20ರಂದು ನಿನಗೆ ಬರೆದದ್ದು ನಾಟಕ. ಜನವರಿಯಿಂದ ದೊಡ್ಡ ಸಂಖ್ಯೆ ತೋರಿಸಿ ಆಟವಾಡಿಸಿದ್ದೂ, ಚಿಕ್ಕ ಸಂಖ್ಯೆ ನಿನ್ನ ಕಣ್ಣಿಗೆ ಬೀಳದಿರಲಿ ಅಂತಲೇ ಇರಬೇಕು. ಆದರೂ ಆ ಆಟ ನನಗೆ ತುಂಬಾ ಹಿಡಿಸಿತು, ಅದು ಸುಳ್ಳಲ್ಲ. ಇದನ್ನು ಅಪ್ಪನಿಗೆ ತೋರಿಸು.

ದೊಡ್ಡಪ್ಪ


ಜುಲೈ 12

ದೊಡ್ಡಪ್ಪಾ,

ತೋರಿಸುವುದಿಲ್ಲ. ಇದು ನನ್ನ ಕೈಯಿಂದ ಹೋಗಬೇಕಾದ ಮಾತಲ್ಲ. ಇನ್ನು ಇಪ್ಪತ್ತನಾಲ್ಕು ದಿನ ಇದೆ.

ನೀವು ಬರೆದಿದ್ದು ಒಳ್ಳೆಯದಾಯಿತು. ನನ್ನ ಸಿಟ್ಟು ಇಳಿದಿದೆ, ಪೂರ್ತಿ ಅಲ್ಲ.

ಇತಿ, ನಿಮ್ಮ ಮಗಳು


ಜುಲೈ 20

ಚಿಕ್ಕೋನೇ,

ನೂರಮೂರು. ನಿನ್ನದೇ ಸರಿ. ನನಗೆ ಇದು ಗೊತ್ತಾಗಿದ್ದು ಈಗಲ್ಲ, ಅದೇ ವರ್ಷ ಸೆಪ್ಟೆಂಬರ್ 13ಕ್ಕೆ. ತಪ್ಪು ಎಣಿಸಿದ್ದು ಒಂದು ದಿನದ್ದು. ಬಾಯಿ ಮುಚ್ಚಿಕೊಂಡಿದ್ದು ಮೂವತ್ತು ವರ್ಷದ್ದು.

ಆಗಸ್ಟ್ 5ರ ಬೆಳಿಗ್ಗೆ ಹತ್ತಕ್ಕೆ ಮೂರು ಕೆಂಪೂ ಸೇರುತ್ತವೆ. ಅವತ್ತು ನಕ್ಕವರಲ್ಲಿ ಉಳಿದವರನ್ನೆಲ್ಲ ಕರೆದಿದ್ದೇನೆ. ನೀನು ಬಂದರೂ ಅವರೆದುರು ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ.

ಅಣ್ಣ


ಆಗಸ್ಟ್ 6

ಮಗಳೇ,

ನಿನ್ನ ಅಪ್ಪ ಇನ್ನೂ ಇಲ್ಲೇ ಇದ್ದಾನೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಿನ್ನೆ ಒಂಬತ್ತೂವರೆಗೆಲ್ಲ ಉಳಿದವರು ಬಂದು ಕೂತಿದ್ದರು. ಆರು ಜನ. ಹಳೆ ಫಿಟ್ಟರು, ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು, ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ನಾನು ಬಾಗಿಲು ನೋಡುತ್ತಿದ್ದೆ. ದೊಡ್ಡಮ್ಮ, "ಬಾಗಿಲು ಎಲ್ಲೂ ಓಡಿ ಹೋಗಲ್ಲ, ಕೂತ್ಕೊಳ್ಳಿ" ಅಂದಳು. ಹತ್ತಕ್ಕೆ ಐದು ನಿಮಿಷ ಇರುವಾಗ ಚಿಕ್ಕೋನು ಬಂದ. ಕೂದಲು ಬೆಳ್ಳಗಾಗಿದೆ. ಯಾರನ್ನೂ ಮಾತಾಡಿಸದೆ ನೇರವಾಗಿ ಪೆಟ್ಟಿಗೆ ಮುಂದೆ ಹೋಗಿ ನಿಂತ.

ಹತ್ತು ಹೊಡೆಯಿತು. ಕೆಂಪು, ಕೆಂಪು, ಕೆಂಪು.

ನಾನು ಎದ್ದು ನಿಂತು ಹೇಳಿದೆ. ಗೇರು ನೂರಮೂರು, ತಪ್ಪು ನನ್ನ ಎಣಿಕೆಯದು, ಮೂರೂವರೆ ತಿಂಗಳಿಗೇ ಗೊತ್ತಾಗಿತ್ತು, ಹೇಳಲಿಲ್ಲ ಅಂತ. ಇಷ್ಟೇ ಮಾತು. ಆಮೇಲೆ ಹಳೆ ಫಿಟ್ಟರು, "ಸರಿಹೋಯ್ತು ಬಿಡಿ, ಈಗ ಬಾಯಲ್ಲಿ ಒಂದೂ ಇಲ್ಲದವನು ನಾನೇ" ಅಂತ ಬೋಳು ವಸಡು ತೋರಿಸಿದರು. ಚಿಕ್ಕೋನ ತುಟಿ ಅಲುಗಿತು, ನಗಲಿಲ್ಲ.

"ನಂಗೂ ಅವತ್ತೇ ಗೊತ್ತಿತ್ತು" ಅಂದ. ನನ್ನ ಕಡೆ ತಿರುಗಲಿಲ್ಲ, ಪೆಟ್ಟಿಗೆಗೇ ಹೇಳಿದ, ನನಗೂ ಕೇಳಿಸುವಷ್ಟು ಜೋರಾಗಿ. "ಸೆಪ್ಟೆಂಬರ್ ಹದಿಮೂರು. ನೀನು ಕಿಂಡಿಗೆ ಕಣ್ಣಿಟ್ಟಿದ್ದನ್ನ ಲೇತಿನ ಹಿಂದೆ ನಿಂತು ನೋಡ್ದೆ. ಅಣ್ಣ ಇವತ್ತು ಹೇಳ್ತಾನೆ ಅಂದ್ಕೊಂಡೆ. ನಾಳೆ ಹೇಳ್ತಾನೆ ಅಂದ್ಕೊಂಡೆ. ನಾಲ್ಕು ವರ್ಷ ಅಂದ್ಕೊಂಡೆ."

ಅವನು ಚೀಲದಿಂದ ಡ್ರಿಲ್ಲು ತೆಗೆದ. ಮನೆಯಿಂದಲೇ ತಂದಿದ್ದ. ತಾನೇ ಹೊಡೆದ ರಿವೆಟ್ಟುಗಳನ್ನು ಒಂದೊಂದಾಗಿ ಕೊರೆದು ಮುಚ್ಚಳ ಬಿಚ್ಚಿದ. ನಾನು ಕಡಿದ ನೂರಏಳರದನ್ನು ಬೆಳಕಿಗೆ ಹಿಡಿದು, "ಇದರ ಹಲ್ಲು ಅವತ್ತೂ ಒರಟು, ಇವತ್ತೂ ಒರಟು" ಅಂದ. ಎರಡು ದಿನ ಕೂತು ಅದನ್ನು ತಿದ್ದಿಯೇ ಹೋಗುತ್ತಾನಂತೆ. ಅದಕ್ಕೇ ಇನ್ನೂ ಇಲ್ಲಿರುವುದು. ಈಗಲೂ ಲೇತಿನ ಪಕ್ಕ ನಿಂತು ಗೊಣಗುತ್ತಿದ್ದಾನೆ. ನನಗೆ ಪೂರ್ತಿ ಕೇಳಿಸುವುದಿಲ್ಲ, ಆದರೂ ಗೊಣಗಾಟ ಅಂತ ತಿಳಿಯುತ್ತದೆ.

ನಿನ್ನೆ ಮುಚ್ಚಳ ಬಿಚ್ಚಿದ ಮೇಲೆ ನಡುವಿನ ಗೇರನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. ಎಲ್ಲರೂ ನೋಡುತ್ತಿದ್ದರು.

"ಎಣಿಸು" ಅಂದ.

ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಹಿಡಿಯಿತು. ಪಕ್ಕದ ಹಲ್ಲಿಗೆ ಬೆರಳು ಇಟ್ಟು ಇನ್ನೇನು ಬಾಯಿ ತೆರೆಯಬೇಕು, ಅವನು ನನ್ನ ಮಣಿಕಟ್ಟು ಹಿಡಿದ.

"ಅಣ್ಣಾ, ಹೆಬ್ಬೆರಳು."

ತೆಗೆದೆ. ಕೆಳಗೆ ಕೆಂಪು ಹಲ್ಲು. ಅಲ್ಲಿಂದಲೇ ಒಂದು ಅಂದೆ.

ಇತಿ, ನಿನ್ನ ದೊಡ್ಡಪ್ಪ